ಅರವತ್ತು ದಾಟಿದವರಿಗೆ ಆಂಕಲ್ ವೇಟ್: ಯಾವುದನ್ನು ಕೊಳ್ಳಬೇಕು, ಎಷ್ಟು ತೂಕ, ಏನನ್ನು ನಿರೀಕ್ಷಿಸಬಾರದು

ನಿವೃತ್ತಿಯ ನಂತರ ಕಾಲಿನ ಬಲ ಉಳಿಸಿಕೊಳ್ಳಲು ಮನೆಗೆ ತರಬಹುದಾದ ಸಾಮಾನುಗಳಲ್ಲಿ ಆಂಕಲ್ ವೇಟಿಗೆ ನಾವು ಮೊದಲ ಸ್ಥಾನ ಕೊಡುತ್ತೇವೆ. ತಪ್ಪಾಗಿ ಬಳಕೆಯಾಗುವುದರಲ್ಲೂ ಅದಕ್ಕೇ ಮೊದಲ ಸ್ಥಾನ. ಕಣಕಾಲಿಗೆ ಸುತ್ತಿ ವೆಲ್ಕ್ರೋದಿಂದ ಬಿಗಿಯುವ, ಒಳಗೆ ಮರಳೋ ಕಬ್ಬಿಣದ ಹರಳೋ ತುಂಬಿದ ಈ ಪಟ್ಟಿಯನ್ನು ಎಷ್ಟೋ ಮಂದಿ ಒಂದು ಕಿಲೋದ್ದು ಕೊಳ್ಳುತ್ತಾರೆ, ವಾಕಿಂಗಿಗೆ ಕಟ್ಟಿಕೊಂಡು ಹೋಗುತ್ತಾರೆ, ಮಂಡಿ ನೋವು ಶುರುವಾದ ಮೇಲೆ ಮಂಚದ ಕೆಳಗೆ ತಳ್ಳುತ್ತಾರೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತೂಕ ಏರಿಸಿ ಇಳಿಸಬಹುದಾದ, ಒಂದೊಂದು ಕಾಲಿಗೆ ಕನಿಷ್ಠ 4ರಿಂದ 5 ಕಿಲೋವರೆಗೆ ಹೋಗುವ ಜೋಡಿ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಬದಲಿಸಲಾಗದ ಅರ್ಧ ಕಿಲೋ, ಒಂದು ಕಿಲೋ ಪಟ್ಟಿ ಬೇಡ. ಪೆಟ್ಟಿಗೆಯ ಮೇಲೆ ‘ಮೂಳೆ ಗಟ್ಟಿಯಾಗುತ್ತದೆ’ ಎಂದು ಬರೆದಿದ್ದರೆ ಆ ಮಾತಿಗಾಗಿ ಕೊಳ್ಳಬೇಡಿ. ಈ ಪಟ್ಟಿ ಸ್ನಾಯುವಿಗೆ ಮಾಡುವ ಕೆಲಸ ದೊಡ್ಡದು, ಮೂಳೆಗೆ ನೇರವಾಗಿ ಮಾಡುವುದು ತೀರಾ ಕಡಿಮೆ.

ಕಾಲಿಗೇ ಏಕೆ ಇಷ್ಟು ಗಮನ ಎಂದರೆ, ವಯಸ್ಸಾದಂತೆ ಬಲ ಮೊದಲು ಸೋರುವುದು ತೊಡೆ ಮತ್ತು ಪೃಷ್ಠದ ಸ್ನಾಯುಗಳಿಂದ. ಎಪ್ಪತ್ತರ ನಂತರ ಸ್ನಾಯುವಿನ ಗಾತ್ರ ವರ್ಷಕ್ಕೆ ಸುಮಾರು ಶೇ. 1ರಷ್ಟು ಕುಗ್ಗಿದರೆ, ಅದರ ಬಲ ಹೆಚ್ಚುಕಡಿಮೆ ಮೂರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಕಾಲು ನೋಡಲು ಮೊದಲಿನಂತೆಯೇ ಇರುತ್ತದೆ, ಆದರೆ ತಗ್ಗು ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುತ್ತದೆ. ಈ ಸವೆತಕ್ಕೆ 1989ರಲ್ಲಿ ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಮರುವರ್ಷವೇ ಅಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಈ ಕ್ಷೇತ್ರದ ನಂಬಿಕೆಯನ್ನೇ ಬದಲಿಸಿತು. ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ತೊಡೆಯ ಮುಂಭಾಗದ ಸ್ನಾಯುವಿಗೆ ಭಾರ ಎತ್ತಿಸಿದಾಗ ಬಲ ಸರಾಸರಿ ಶೇ. 174ರಷ್ಟು ಏರಿತು. ಗುಟ್ಟು ಇದ್ದದ್ದು ಎತ್ತಿಸಿದ ಭಾರದಲ್ಲಿ. ಒಂದು ಸಲಕ್ಕೆ ಎತ್ತಲಾಗುವ ಗರಿಷ್ಠ ತೂಕದ ಶೇ. 80ರಷ್ಟನ್ನು ಎತ್ತಿಸಿದ್ದರು. ಇನ್ನೊಂದು ಕಡೆ, ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ ವೃದ್ಧರಿಗಾಗಿ ರೂಪಿಸಿದ ಮನೆ ವ್ಯಾಯಾಮ ಕ್ರಮದ ಮುಖ್ಯ ಸಲಕರಣೆಯೇ ಈ ಕಣಕಾಲಿನ ತೂಕ. 65ರಿಂದ 97 ವಯಸ್ಸಿನ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಬೀಳುವ ಪ್ರಮಾಣ ಶೇ. 35ರಷ್ಟು ತಗ್ಗಿತ್ತು. ಸೊಂಟದ ಮೂಳೆ ಮುರಿತಗಳಲ್ಲಿ ಹತ್ತಕ್ಕೆ ಒಂಬತ್ತು ಬಿದ್ದೇ ಆಗುವಂಥವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕೊಳ್ಳುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಸುಮಾರು 45 ಸೆಂ.ಮೀ. ಎತ್ತರದ, ಕೈಹಿಡಿ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದ ಅಳತೆಯ ಪ್ರಕಾರ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಯೂರೋಪಿನವರ ಗಡಿ 15 ಸೆಕೆಂಡ್. ಕೈ ಊರದೆ ಏಳಲೇ ಆಗದವರು ಪಟ್ಟಿ ಕೊಳ್ಳುವ ಮುಂಚೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಬಂದ ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳಿ. ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ಮುಂದೆ ತಿಳಿಯುವುದು ಈ ಸಂಖ್ಯೆಯಿಂದಲೇ.

ಪಟ್ಟಿಯಲ್ಲಿ ನೋಡಬೇಕಾದದ್ದು

ಮೊದಲನೆಯದು ತೂಕದ ಲೆಕ್ಕ. ಪೆಟ್ಟಿಗೆಯ ಮೇಲಿನ ‘5 ಕಿಲೋ’ ಹಲವು ಸಲ ಜೋಡಿಯ ಒಟ್ಟು ತೂಕ, ಕಾಲಿಗೆ ಬರುವುದು ಎರಡೂವರೆ ಮಾತ್ರ. ಇದನ್ನು ಕೇಳಿಯೇ ಕೊಳ್ಳಬೇಕು. ಮನೆಗೆ ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡಿ. ಅಗ್ಗದ ಜೋಡಿಯಲ್ಲಿ ಎಡ ಬಲಕ್ಕೆ ವ್ಯತ್ಯಾಸ ಇರುವುದುಂಟು. 50 ಗ್ರಾಂ ಆಚೀಚೆ ಇದ್ದರೆ ಪರವಾಗಿಲ್ಲ, 200 ಗ್ರಾಂ ಇದ್ದರೆ ವಾಪಸ್ ಕೊಡಿ.

ಬಗೆ ಎರಡು. ಒಂದರಲ್ಲಿ ಮರಳು ಅಥವಾ ಕಬ್ಬಿಣದ ಹರಳನ್ನು ಕಟ್ಟುಕಟ್ಟಾಗಿ ಹೊಲಿದಿರುತ್ತಾರೆ, ತೂಕ ಬದಲಿಸಲಾಗದು. ಮೆತ್ತಗಿರುತ್ತದೆ, ಕಾಲಿಗೆ ಚೆನ್ನಾಗಿ ಕೂರುತ್ತದೆ, ಆದರೆ ಬೇಗನೆ ಸಾಲದಾಗುತ್ತದೆ. ಇನ್ನೊಂದರಲ್ಲಿ ಸಾಲಾಗಿ ಜೇಬುಗಳಿದ್ದು, ಪ್ರತಿ ಜೇಬಿಗೂ ಒಂದು ಸಣ್ಣ ಚೀಲವನ್ನೋ ಕಬ್ಬಿಣದ ಪಟ್ಟಿಯನ್ನೋ ಹಾಕಿ ತೆಗೆಯಬಹುದು. ನಾವು ಹೇಳುವುದು ಇದನ್ನೇ. ಒಂದೊಂದು ತುಂಡಿನ ತೂಕ ಅರ್ಧ ಕಿಲೋ ಮೀರಬಾರದು. ಎರಡು ಕಿಲೋದಿಂದ ಒಮ್ಮೆಗೇ ಮೂರಕ್ಕೆ ಹಾರುವುದೆಂದರೆ ಭಾರವನ್ನು ಅರ್ಧದಷ್ಟು ಹೆಚ್ಚಿಸಿದಂತೆ. ಅಷ್ಟನ್ನು ಮಂಡಿಯ ಸುತ್ತಲ ಸ್ನಾಯುರಜ್ಜು ತಾಳುವುದಿಲ್ಲ.

ಜೇಬಿನ ಬಾಯಿ ಮುಚ್ಚುವ ಮಡಿಕೆಯನ್ನು ಎಳೆದು ನೋಡಿ. ಈ ಬಗೆಯ ಪಟ್ಟಿ ಮೊದಲು ಕೈಕೊಡುವುದು ಅಲ್ಲೇ. ವೆಲ್ಕ್ರೋ ಕಿರಿದಾಗಿದ್ದರೆ ಕಾಲು ಎತ್ತಿ ಇಳಿಸುವಾಗ ಕಬ್ಬಿಣದ ತುಂಡು ಸ್ವಲ್ಪ ಸ್ವಲ್ಪವೇ ಜಾರಿ ಪಾದದ ಮೇಲೆ ಬೀಳುತ್ತದೆ. ಹೊಲಿದ ಬಗೆಯಲ್ಲಿ ಸೋರುವುದು ಕಟ್ಟುಗಳ ನಡುವಿನ ಹೊಲಿಗೆಯಲ್ಲಿ. ಎರಡು ಸಾಲು ಹೊಲಿಗೆ ಇರುವುದನ್ನೇ ಆರಿಸಿ.

ಬಿಗಿಯುವ ಪಟ್ಟಿ 4ರಿಂದ 5 ಸೆಂ.ಮೀ. ಅಗಲ ಇರಲಿ. ಅದು ಬಳೆಯೊಳಗೆ ತೂರಿ ಹಿಂದಕ್ಕೆ ಮಡಚಿ ಅಂಟುವಂತಿದ್ದರೆ ಒಂದೇ ಕೈಯಲ್ಲಿ ಎಳೆಯಬಹುದು. ಬಳೆ ಲೋಹದ್ದಾಗಿರಲಿ, ಪ್ಲಾಸ್ಟಿಕ್ ಬಳೆ ಭಾರ ಹೆಚ್ಚಿಸಿದಂತೆ ಬಾಗಿ, ಮೂಲೆಯಲ್ಲಿ ಸೀಳುತ್ತದೆ. ಬಿಗಿದ ಮೇಲೆ ವೆಲ್ಕ್ರೋ ಒಂದರ ಮೇಲೊಂದು ಕನಿಷ್ಠ 8 ಸೆಂ.ಮೀ. ಕೂತಿರಬೇಕು. ಸಂಜೆ ಹೊತ್ತಿಗೆ ಕಾಲು ಊದುವವರು ಅಳತೆಯನ್ನು ಸಂಜೆಯೇ ತೆಗೆದುಕೊಳ್ಳಲಿ, ಕಣಕಾಲಿನ ಗುಬುಟಿನ ಮೇಲ್ಭಾಗದಲ್ಲಿ. ಬೆರಳಿನ ಗಂಟುಗಳಲ್ಲಿ ಸಂಧಿವಾತ ಇರುವವರಿಗೆ ಪಟ್ಟಿಯ ತುದಿಯಲ್ಲಿ ಬೆರಳು ತೂರಿಸುವ ಕುಣಿಕೆ ಇದ್ದರೆ ಬಹಳ ಅನುಕೂಲ. ಕುಣಿಕೆ ಇರುವ ಪಟ್ಟಿಗಳು ಕಡಿಮೆ. ಇಲ್ಲದಿದ್ದರೆ ದಪ್ಪ ಲಾಡಿಯ ತುಂಡೊಂದನ್ನು ಹೊಲಿಸಿಕೊಳ್ಳಬಹುದು. ಒಳಬದಿಯ ನಿಯೋಪ್ರೀನ್ (ರಬ್ಬರಿನಂಥ ಮೆತ್ತನೆಯ ಹಾಳೆ) ಬೆವರು ಹಿಡಿಯುತ್ತದೆ, ವಯಸ್ಸಾದವರ ತೆಳು ಚರ್ಮ ಅದಕ್ಕೆ ಬೇಗ ತರಚುತ್ತದೆ. ಹಾಗಾಗಿ ಉದ್ದನೆಯ ಹತ್ತಿ ಕಾಲುಚೀಲದ ಮೇಲೆಯೇ ಕಟ್ಟಬೇಕು.

ಪೆಟ್ಟಿಗೆಯ ಮೇಲೆ ಯಾರೂ ಬರೆಯದ, ಆದರೆ ಮೂಳೆ ಟೊಳ್ಳಾದವರು ಅಗತ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಅವರ ಮಟ್ಟಿಗೆ ವ್ಯಾಯಾಮಕ್ಕಿಂತ ಪಟ್ಟಿಯನ್ನು ಕಟ್ಟಿಕೊಳ್ಳುವುದೇ ಹೆಚ್ಚು ಅಪಾಯ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ನೆಲದಿಂದ ನಾಲ್ಕು ಕಿಲೋ ಎತ್ತಿದಾಗ ಬೆನ್ನುಮೂಳೆಯ ಮಣಿಗಳ ಮುಂಭಾಗಕ್ಕೆ ಒತ್ತಡ ಬೀಳುತ್ತದೆ. ಟೊಳ್ಳು ಮೂಳೆ ಕುಸಿಯುವುದು ಆ ಭಾಗದಲ್ಲೇ. ಆದ್ದರಿಂದ ಪಟ್ಟಿಗಳನ್ನು ನೆಲದ ಮೇಲೆ ಇಡಲೇಬೇಡಿ, ಸೊಂಟದ ಎತ್ತರದ ಮೇಜಿನ ಮೇಲಿಡಿ. ಕುರ್ಚಿಯಲ್ಲಿ ಕುಳಿತು, ಎದುರಿಗೆ ಇನ್ನೊಂದು ಕುರ್ಚಿ ಅಥವಾ ಗಟ್ಟಿ ಸ್ಟೂಲ್ ಇಟ್ಟು, ಅದರ ಮೇಲೆ ಪಾದ ಊರಿ, ಬೆನ್ನನ್ನು ನೇರವಾಗಿಟ್ಟುಕೊಂಡು ಸೊಂಟದಿಂದ ಬಾಗಿ ಕಟ್ಟಿ. ಕೈ ಎಟುಕದಿದ್ದರೆ ಮನೆಯವರು ಕಟ್ಟಲಿ.

ಮೂರು ವ್ಯಾಯಾಮ ಸಾಕು

ಒಟಾಗೊ ಕ್ರಮದಲ್ಲಿ ಈ ತೂಕ ಕಟ್ಟಿ ಮಾಡುವುದು ಮೂರೇ: ಕುಳಿತು ಮಂಡಿ ನೇರ ಮಾಡುವುದು, ನಿಂತು ಹಿಮ್ಮಡಿಯನ್ನು ಹಿಂದಕ್ಕೆ ಮಡಚುವುದು, ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು. ಉಳಿದ ಬಲದ ವ್ಯಾಯಾಮ ಮತ್ತು ಜೋಲಿ ತಪ್ಪದಂತೆ ನಿಲ್ಲುವ ಅಭ್ಯಾಸಗಳಿಗೆ ತೂಕ ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಮೊದಲನೆಯದಕ್ಕೆ ತೊಡೆ ಪೂರ್ತಿ ಆಸನದ ಮೇಲೆ ಕೂರಬೇಕು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ಒಳ್ಳೆಯದು. ಎರಡು ಮೂರು ಎಣಿಸುತ್ತ ಕಾಲು ನೇರ ಮಾಡಿ, ಕ್ಷಣ ನಿಲ್ಲಿಸಿ, ನಾಲ್ಕೈದು ಎಣಿಸುತ್ತ ಇಳಿಸಿ. ಎತ್ತುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಮೇಲಕ್ಕೇರುತ್ತದೆ. ಕಾಲು ಕೆಳಗೆ ತೂಗುತ್ತಿರುವಾಗ ಈ ತೂಕದ ಭಾರ ಮಂಡಿಗೆ ಗೊತ್ತೇ ಆಗುವುದಿಲ್ಲ. ಕಾಲು ನೆಲಕ್ಕೆ ಸಮಾನಾಂತರವಾದಾಗ ಅದು ಅತಿ ಹೆಚ್ಚು. ಕೊನೆಯ ಒಂದಂಗುಲ ಕಷ್ಟವೆನಿಸುವುದು ಅದಕ್ಕೇ, ಎಲ್ಲರೂ ಮೋಸ ಮಾಡುವುದೂ ಅಲ್ಲೇ. ಮಂಡಿ ಪೂರ್ತಿ ನೇರವಾಗದೆ ನಿಂತರೆ ತೂಕ ಹೆಚ್ಚಾಯಿತೆಂದು ತಿಳಿದು ಒಂದು ತುಂಡು ತೆಗೆಯಿರಿ. ಮಂಡಿಚಿಪ್ಪಿನ ಹಿಂದೆ ನೋವಿರುವವರಿಗೆ ಮಾತ್ರ ಬೇರೆ ನಿಯಮ. ಕಾಲು ನೇರವಾದಷ್ಟೂ ಚಿಪ್ಪು ಮೂಳೆಗೆ ತಾಗುವ ಜಾಗ ಕಿರಿದಾಗುತ್ತದೆ, ಅದೇ ಹೊತ್ತಿಗೆ ಭಾರ ಏರುತ್ತಿರುತ್ತದೆ. ಅಂಥವರು ಮಡಚಿದ 90 ಡಿಗ್ರಿಯಿಂದ 45 ಡಿಗ್ರಿವರೆಗೆ, ಅರ್ಧ ದಾರಿ ಮಾತ್ರ ಎತ್ತಲಿ.

ಹಿಂದಕ್ಕೆ ಮಡಚುವಾಗ ಅಡುಗೆಕಟ್ಟೆಯಂಥ ಕದಲದ ಆಸರೆಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಎರಡೂ ತೊಡೆ ಒಂದೇ ಸಾಲಿನಲ್ಲಿರಲಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಕಾಲು ನೇರ ಮಾಡಿ ಹಿಮ್ಮಡಿ ಊರಿ ನಿಂತರೆ ಬಿಡುತ್ತದೆ.

ಮೂರನೆಯದು ಪಕ್ಕಕ್ಕೆ ಎತ್ತುವುದು. ಮೂರರಲ್ಲಿ ಹೆಚ್ಚು ಬೆಲೆಬಾಳುವುದೂ ಇದೇ, ಹೆಚ್ಚು ಕೆಡಿಸಿ ಮಾಡುವುದೂ ಇದನ್ನೇ. ನಡೆಯುವಾಗ ಒಂದು ಕಾಲು ಗಾಳಿಯಲ್ಲಿದ್ದಷ್ಟು ಹೊತ್ತೂ ಊರಿದ ಕಾಲಿನ ಪೃಷ್ಠದ ಪಕ್ಕದ ಸ್ನಾಯು ಸೊಂಟ ವಾಲದಂತೆ ಹಿಡಿದಿರುತ್ತದೆ. ಅದು ಸೋತರೆ ಮನುಷ್ಯ ಪಕ್ಕಕ್ಕೆ ಬೀಳುತ್ತಾನೆ. ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಹೀಗೆ ಪಕ್ಕಕ್ಕೆ ಬಿದ್ದಾಗ. ಬೆರಳುಗಳು ಮುಂದಕ್ಕೇ ನೋಡುತ್ತಿರಲಿ, ಮೈ ನೆಟ್ಟಗಿರಲಿ, 20ರಿಂದ 30 ಡಿಗ್ರಿ ಎತ್ತಿದರೆ ಸಾಕು. ಪಾದವನ್ನು ಹೊರಕ್ಕೆ ತಿರುಗಿಸಿ, ಮೈಯನ್ನು ಆಚೆಗೆ ವಾಲಿಸಿ ಮೇಲಕ್ಕೆಳೆದರೆ ಕೆಲಸವೆಲ್ಲ ತೊಡೆಯ ಮುಂದಿನ ಸ್ನಾಯುವಿಗೆ ಹೋಗುತ್ತದೆ. ಕನ್ನಡಿಯ ಎದುರು ನಿಂತರೆ ಈ ತಪ್ಪು ತಕ್ಷಣ ಕಾಣುತ್ತದೆ. ಮಂಡಿ ಸಡಿಲವಾಗಿರುವವರು ಅಥವಾ ಮಂಡಿ ಬದಲಿಸಿಕೊಂಡವರು ಈ ವ್ಯಾಯಾಮಕ್ಕೆ ಪಟ್ಟಿಯನ್ನು ಮಂಡಿಯ ಮೇಲೆ, ತೊಡೆಯ ತುದಿಗೆ ಕಟ್ಟಿದರೆ ಮಂಡಿಗೆ ಪಕ್ಕದ ಎಳೆತ ಬೀಳದು. ಅದಕ್ಕೆ ಪಟ್ಟಿ ಉದ್ದವಿರಬೇಕು. ಸಾಲದಿದ್ದರೆ ವಿಸ್ತರಣೆಯ ವೆಲ್ಕ್ರೋ ಬೇರೆ ಸಿಗುತ್ತದೆ.

ತೂಕ ಎಷ್ಟು? ಆರಾಮಾಗಿ ಓಡಾಡುವವರು 1ರಿಂದ 2 ಕಿಲೋದಲ್ಲಿ ಶುರುಮಾಡಬಹುದು, ದುರ್ಬಲರಾದವರು ಅರ್ಧದಲ್ಲಿ. ಸರಿಯಾದ ತೂಕದ ಗುರುತು ಇಷ್ಟೇ: 8ರಿಂದ 10 ಸಲ ಎತ್ತುವಷ್ಟರಲ್ಲಿ ಸ್ನಾಯು ದಣಿಯಬೇಕು, ಇನ್ನು ಎರಡು ಮೂರು ಸಲಕ್ಕಿಂತ ಹೆಚ್ಚು ಆಗದು ಅನ್ನಿಸಬೇಕು. ಒಂದೆರಡು ನಿಮಿಷ ಸುಧಾರಿಸಿಕೊಂಡು ಎರಡನೇ ಸುತ್ತು. ಎರಡು ಸುತ್ತಿನ ಹತ್ತೂ ಸಲೀಸಾಗಿ ಬರತೊಡಗಿದ ದಿನ ಅರ್ಧ ಕಿಲೋ ಏರಿಸಿ. ಮೂರು ವ್ಯಾಯಾಮಕ್ಕೂ ಒಂದೇ ತೂಕ ಹೊಂದುವುದಿಲ್ಲ. ಮಂಡಿ ನೇರ ಮಾಡುವುದಕ್ಕೆ ಮೂರು ಕಿಲೋ ಎತ್ತುವವರಿಗೆ ಪಕ್ಕಕ್ಕೆ ಎತ್ತಲು ಒಂದೂವರೆಯೇ ಸಾಕಾಗಬಹುದು. ಜೇಬಿನ ಪಟ್ಟಿಯ ಲಾಭ ಇಲ್ಲಿ ಗೊತ್ತಾಗುತ್ತದೆ. ಮಾರನೆಯ ದಿನ ತೊಡೆ ಬಿಗಿದು ನೋವಾದರೆ ಅದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಕೀಲು ಊದಿದರೆ, ಬಿಸಿಯಾದರೆ ತೂಕ ಇಳಿಸಬೇಕು.

ವರ್ಷಗಟ್ಟಲೆ ಅದೇ ಒಂದು ಕಿಲೋ ಎತ್ತುತ್ತಿರುವವರಿಗೆ ಬಲ ಹೆಚ್ಚುವುದಿಲ್ಲ. ಸ್ನಾಯುವಿಗೆ ಅಭ್ಯಾಸವಾಗಿಹೋದ ಭಾರ ಅದನ್ನು ಬೆಳೆಸದು. ಈ ಸಲಕರಣೆಯಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಇದೇ.

ಇನ್ನು ವಾಕಿಂಗ್. ಕಾಲಿನ ತುದಿಗೆ ಭಾರ ಕಟ್ಟಿ ನಡೆದಾಗ ಪ್ರತಿ ಹೆಜ್ಜೆಗೂ ಆ ಭಾರವನ್ನು ಮುಂದಕ್ಕೆ ಬೀಸಿ ಮತ್ತೆ ತಡೆದು ನಿಲ್ಲಿಸಬೇಕು. ದಣಿಯುವುದು ತೊಡೆಸಂದಿನ ಸ್ನಾಯು, ಎಳೆತ ಬೀಳುವುದು ಮಂಡಿ ಮತ್ತು ಸೊಂಟಕ್ಕೆ. ದಣಿದ ಕಾಲಿನ ಬೆರಳು ನೆಲಕ್ಕೆ ತಾಗುತ್ತದೆ, ಮುಗ್ಗರಿಸುತ್ತಾರೆ. ಬೀಳದಿರಲೆಂದು ಕೊಂಡ ವಸ್ತುವೇ ಬೀಳಿಸಿದಂತಾಗುತ್ತದೆ. ಮೆಟ್ಟಿಲಿನ ಮೇಲಂತೂ ಕಟ್ಟಲೇಬಾರದು. ವ್ಯಾಯಾಮದ ಜಾಗದಿಂದ ಏಳುವ ಮುಂಚೆ ಬಿಚ್ಚುವ ಅಭ್ಯಾಸ ಇಟ್ಟುಕೊಳ್ಳಿ.

ಮೂಳೆಯ ಮಾತು

ಮೂಳೆ ತನ್ನ ಮೇಲೆ ಬೀಳುವ ಒತ್ತಡ ಎಷ್ಟು ದೊಡ್ಡದು, ಎಷ್ಟು ರಭಸದ್ದು ಎಂಬುದನ್ನು ಗಮನಿಸುತ್ತದೆ; ಎಷ್ಟು ಸಲ ಎಂಬುದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಸುಮ್ಮನೆ ನಡೆಯುವಾಗಲೇ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು, ಅದಕ್ಕೂ ಮಿಕ್ಕಿ ಭಾರ ಬೀಳುತ್ತಿರುತ್ತದೆ. 60 ಕಿಲೋ ಮನುಷ್ಯನ ಸೊಂಟ ದಿನವಿಡೀ 150 ಕಿಲೋದ ಒತ್ತಡಕ್ಕೆ ಒಗ್ಗಿಕೊಂಡಿರುವಾಗ, ಕಾಲಿನಿಂದ ಕೆಳಕ್ಕೆ ಜೋತಾಡುವ ಎರಡು ಕಿಲೋ ಅದಕ್ಕೆ ಹೊಸ ಸುದ್ದಿಯೇ ಅಲ್ಲ. ಬೆನ್ನುಮೂಳೆಗಂತೂ ಅದು ತಲುಪುವುದೇ ಇಲ್ಲ.

ಮೂಳೆ ಸಾಂದ್ರತೆ ಏರಿದ್ದು ಎಲ್ಲಿ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಲಿಫ್ಟ್‌ಮೋರ್ ಅಧ್ಯಯನದಲ್ಲಿ, ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ ಮಹಿಳೆಯರಿಗೆ ವಾರಕ್ಕೆರಡು ಸಲ, ತಲಾ ಅರ್ಧ ಗಂಟೆ, 8 ತಿಂಗಳು ಭಾರ ಎತ್ತಿಸಿದರು. ನೆಲದಿಂದ ಬಾರ್ ಎತ್ತುವುದು, ಭುಜದ ಮೇಲೆ ಭಾರ ಹೊತ್ತು ಕೂತೇಳುವುದು, ತಲೆಯ ಮೇಲಕ್ಕೆ ಎತ್ತುವುದು, ಜೊತೆಗೆ ಮೇಲಿನಿಂದ ಧೊಪ್ಪನೆ ನೆಲಕ್ಕಿಳಿಯುವುದು. ಐದೈದು ಸಲದ ಐದು ಸುತ್ತು, ಗರಿಷ್ಠದ ಶೇ. 85ಕ್ಕಿಂತ ಹೆಚ್ಚಿನ ಭಾರದಲ್ಲಿ. ಸೊಂಟದ ಮಟ್ಟದ ಬೆನ್ನುಮೂಳೆಯ ಸಾಂದ್ರತೆ ಅವರಲ್ಲಿ ಶೇ. 2.9ರಷ್ಟು ಏರಿದರೆ, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2ರಷ್ಟು ಇಳಿದಿತ್ತು. ಇದೆಲ್ಲ ನಡೆದದ್ದು ಪಕ್ಕದಲ್ಲಿ ತರಬೇತಿ ಪಡೆದವರು ನಿಂತು ನೋಡಿಕೊಳ್ಳುತ್ತಿರುವಾಗ. ಮನೆಯಲ್ಲಿ ಒಬ್ಬರೇ ಅನುಕರಿಸುವಂಥದ್ದಲ್ಲ.

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದವರಿಗೆ ವೈದ್ಯರು ಬರೆದ ಔಷಧವೇ ಮುಖ್ಯ. ಆಂಕಲ್ ವೇಟ್ ಕೊಂಡೆವೆಂದು ಅದನ್ನು ನಿಲ್ಲಿಸುವುದು ಅಪಾಯದ ಕೆಲಸ. ಇದನ್ನು ನಂಬಬೇಕಾದದ್ದು ಬೀಳದಂತೆ ತಡೆಯುವುದಕ್ಕೆ. ಅದೂ ಒಂಟಿಯಾಗಿ ಅಲ್ಲ. ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಒಂದರ ಹಿಂದೆ ಒಂದು ಪಾದ ಇಟ್ಟು ನಿಲ್ಲುವುದು, ಇಷ್ಟನ್ನು ಅದೇ ದಿನ ಸೇರಿಸಿಕೊಳ್ಳಬೇಕು. ಎದ್ದು ಕೂರುವಾಗ ಕಾಲು ಹೊರುವುದು ಮೈತೂಕವನ್ನು; ಆಂಕಲ್ ವೇಟ್ ಅದನ್ನು ಸರಿಗಟ್ಟದು. ತಿನ್ನುವ ವಿಷಯದಲ್ಲಿ ಒಂದೇ ಮಾತು: ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಸಿಗದಿದ್ದರೆ ಎತ್ತಿದ ಭಾರಕ್ಕೆ ತಕ್ಕಷ್ಟು ಸ್ನಾಯು ಕಟ್ಟುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ವೈದ್ಯರ ಬಳಿಯೇ ಹಾಕಿಸಿಕೊಳ್ಳಬೇಕು.

ಇದರ ಬದಲು ರಬ್ಬರ್ ಬ್ಯಾಂಡ್ ಸಾಲದೇ ಎಂದು ಕೇಳುವವರಿದ್ದಾರೆ. ಬೆನ್ನು, ಭುಜಗಳಿಗೆ ಬ್ಯಾಂಡೇ ಮೇಲು, ಪ್ರಯಾಣಕ್ಕೂ ಹಗುರ. ಆದರೆ ಕಾಲಿನ ವ್ಯಾಯಾಮಕ್ಕೆ ಬ್ಯಾಂಡನ್ನು ಕುರ್ಚಿಯ ಕಾಲಿಗೋ ಬಾಗಿಲಿಗೋ ಕಟ್ಟಬೇಕು. ಗಂಟು ಜಾರುತ್ತದೆ, ಬಣ್ಣ ನೋಡಿ ಊಹಿಸಬೇಕೇ ಹೊರತು ಭಾರ ಇಂತಿಷ್ಟೇ ಎಂದು ಹೇಳಲಾಗದು, ಹಳತಾದಾಗ ತಟ್ಟನೆ ಹರಿಯುತ್ತದೆ. ಎರಡೂವರೆ ಕಿಲೋ ಎತ್ತಿದೆ ಎಂದು ಬರೆದಿಟ್ಟುಕೊಳ್ಳುವ ಅನುಕೂಲ ತೂಕದ ಪಟ್ಟಿಗೆ ಮಾತ್ರ ಇದೆ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿನಲ್ಲಿ ಹುಣ್ಣು ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಸೊಂಟ ಅಥವಾ ಮಂಡಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಕಟ್ಟಬಾರದು. ಜೋಮು ಹಿಡಿದ ಕಾಲಿಗೆ ಪಟ್ಟಿ ಕಚ್ಚುತ್ತಿರುವುದು ತಿಳಿಯುವುದೇ ಇಲ್ಲ. ಉಳಿದವರೂ ಬಿಚ್ಚಿದ ಮೇಲೆ ಚರ್ಮ ನೋಡಿಕೊಳ್ಳಲಿ. ಕೆಂಪು ಗೆರೆ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಬಿಗಿ ಹೆಚ್ಚಾಯಿತು.

ನೀರಿಗೆ ಹಾಕಿ ಒಗೆಯಬಾರದು. ಕಬ್ಬಿಣದ ಹರಳು ತುಕ್ಕು ಹಿಡಿದು ಬಟ್ಟೆಯನ್ನು ಒಳಗಿಂದಲೇ ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟರೆ ಸಾಕು. ವೆಲ್ಕ್ರೋದಲ್ಲಿ ಸಿಕ್ಕಿಕೊಂಡ ನೂಲು, ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದರೆ ಹಿಡಿತ ಉಳಿಯುತ್ತದೆ. ಎಂಟರಿಂದ ಹನ್ನೆರಡು ವಾರಕ್ಕೊಮ್ಮೆ ಕುರ್ಚಿಯ ಪರೀಕ್ಷೆಯನ್ನು ಅದೇ ಕುರ್ಚಿಯಲ್ಲಿ ಮತ್ತೆ ಮಾಡಿ. ಸೆಕೆಂಡು ಇಳಿದಿರಬೇಕು, ಇಳಿಯದಿದ್ದರೆ ತೂಕ ಏರಿಸಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಜೇಬುಗಳೆಲ್ಲ ತುಂಬಿಯೂ ಸಲೀಸೆನಿಸಿದರೆ ಎರಡೂ ಪಟ್ಟಿಗಳನ್ನು ಒಂದೇ ಕಾಲಿಗೆ ಒಂದರ ಮೇಲೊಂದು ಕಟ್ಟಲು ಹೋಗಬೇಡಿ, ಮೇಲಿನದು ಜಾರುತ್ತದೆ. ಆ ಹಂತ ಮುಟ್ಟಿದವರು ತರಬೇತುದಾರರು ಇರುವ ಜಿಮ್ಮಿನಲ್ಲಿ, ಕುಳಿತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರಕ್ಕೆ ಹೋಗುವುದು ಸರಿ.